ಮೀನಿನ ಹೊಟ್ಟೆಗೆ ಹೋದ ನಮ್ಮ ಮನೆಯ ಪ್ಲಾಸ್ಟಿಕ್



ನಾನು ಸಮುದ್ರ ವಿಜ್ಞಾನಿ ಅಲ್ಲ, ಸಾಫ್ಟ್‌ವೇರ್‌ನವಳು. "ಮೀನಿನಲ್ಲಿ ಪ್ಲಾಸ್ಟಿಕ್ ಇದೆ, ತಿನ್ನಲೇಬೇಡಿ" ಎಂಬ ವಾಟ್ಸಾಪ್ ಸಂದೇಶ ನಮ್ಮ ಗುಂಪುಗಳಲ್ಲಿ ಮತ್ತೆ ಮತ್ತೆ ಬರುತ್ತಿತ್ತು. ನಿಜವಾದ ಅಂಕಿಅಂಶ ಏನೆಂದು ಹುಡುಕುತ್ತಾ ಕೂತೆ. ಸಿಕ್ಕಿದ್ದನ್ನು ನಿಮ್ಮ ಮುಂದಿಡುತ್ತೇನೆ.

ಪ್ಲಾಸ್ಟಿಕ್ ಇರುವುದು ನಿಜ. 5 ಮಿಲಿಮೀಟರ್‌ಗಿಂತ ಚಿಕ್ಕ ಚೂರಿಗೆ ಮೈಕ್ರೋಪ್ಲಾಸ್ಟಿಕ್ ಅನ್ನುತ್ತಾರೆ. ಬಂಗುಡೆ, ಬೂತಾಯಿ ನೀರನ್ನು ಸೋಸಿ ಸಣ್ಣ ಜೀವಿಗಳನ್ನು ತಿನ್ನುವ ಮೀನುಗಳು. ಚೂರುಗಳೂ ಜೊತೆಗೇ ಒಳಗೆ ಹೋಗುತ್ತವೆ.

ಆದರೆ ಅವು ಮೀನಿನ ಯಾವ ಭಾಗದಲ್ಲಿ ಉಳಿಯುತ್ತವೆ? ಕೇರಳದ 9 ಜಾತಿಯ 270 ಮೀನುಗಳನ್ನು ಪರೀಕ್ಷಿಸಿದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಶೇ. 41ರಷ್ಟು ಮೀನುಗಳಲ್ಲಿ ಕರುಳು, ಕಿವಿರು ಮುಂತಾದ ನಾವು ಬಿಸಾಡುವ ಭಾಗದಲ್ಲಿ ಪ್ಲಾಸ್ಟಿಕ್ ಸಿಕ್ಕಿತು. ತಿನ್ನುವ ಭಾಗದಲ್ಲಿ ಸಿಕ್ಕಿದ್ದು ಶೇ. 7ರಷ್ಟು ಮೀನುಗಳಲ್ಲಿ ಮಾತ್ರ. ಅಂದರೆ ನಮ್ಮ ಅಜ್ಜಿಯಂದಿರು ಹೊಟ್ಟೆ ಸೀಳಿ, ಕಿವಿರು ಕಿತ್ತು, ಮೂರು ನೀರಲ್ಲಿ ತೊಳೆಯುತ್ತಿದ್ದರಲ್ಲ, ಆ ಕ್ರಮವೇ ಈಗಲೂ ಸರಿ. ಎಚ್ಚರ ಬೇಕಾದದ್ದು ಇಡಿಯಾಗಿ ತಿನ್ನುವುದರಲ್ಲಿ: ಹೊಟ್ಟೆ ತೆಗೆಯದೆ ಹುರಿಯುವ ನೆತ್ತಿಲಿ, ಹಾಗೇ ಒಣಗಿಸಿದ ಸಣ್ಣ ಮೀನು, ಪಚ್ಚಿಲೆ. ಇದೇ ಚೆನ್ನೈನ ಕಾಸಿಮೇಡು ಬಂದರಿನ ಪಚ್ಚಿಲೆಯಲ್ಲಿ ಮೈಕ್ರೋಪ್ಲಾಸ್ಟಿಕ್ ಸಿಕ್ಕಿದ ವರದಿ 2019ರಲ್ಲೇ ಬಂದಿದೆ. ಇದರಿಂದ ನಮ್ಮ ಆರೋಗ್ಯಕ್ಕೆ ಎಷ್ಟು ಹಾನಿ ಎಂಬುದನ್ನು ವಿಜ್ಞಾನಿಗಳು ಇನ್ನೂ ಅಳೆಯುತ್ತಿದ್ದಾರೆ.

ನಮ್ಮಲ್ಲಿ ಸಸ್ಯಾಹಾರಿಗಳೇ ಜಾಸ್ತಿ, ಗೊತ್ತು. ನೀವು ನಗುವ ಮುಂಚೆ ಹೇಳಿಬಿಡುತ್ತೇನೆ: ತೂತ್ತುಕುಡಿಯ ಸಮುದ್ರದ ಉಪ್ಪಿನಲ್ಲೂ ಇದು ಸಿಕ್ಕಿದೆ. ಸಾರಿಗೆ ಉಪ್ಪು ಹಾಕದವರು ಯಾರಿದ್ದಾರೆ?

ನನಗೆ ಬೇಸರ ತರಿಸುವುದು ಆ ಸಂದೇಶದ ಪರಿಣಾಮ. ಏಪ್ರಿಲ್ 15ರಿಂದ ಜೂನ್ 14ರವರೆಗೆ, 61 ದಿನ, ಈ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಉಳಿದ ತಿಂಗಳ ವ್ಯಾಪಾರದಲ್ಲೇ ಬದುಕಬೇಕಾದ ಮೀನು ಮಾರುವ ಹೆಂಗಸಿನ ಬುಟ್ಟಿಗೆ ನಾವು ಹೆದರಿ ಬೆನ್ನು ತಿರುಗಿಸಿದರೆ, ಪ್ಲಾಸ್ಟಿಕ್ ಹಾಕದ ಆಕೆಗೆ ದಂಡ ಹಾಕಿದ ಹಾಗೆ. ಹರಿದ ನೈಲಾನ್ ಬಲೆಯೂ ಕಡಲು ಸೇರುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಮೀನಿನ ಹೊಟ್ಟೆಯಲ್ಲಿ ಹೆಚ್ಚಾಗಿ ಕಾಣುವುದರಲ್ಲಿ ಒಂದು ಸಣ್ಣ ಎಳೆಗಳು. ಪಾಲಿಯೆಸ್ಟರ್ ಚೂಡಿದಾರವನ್ನು ವಾಷಿಂಗ್ ಮೆಷಿನ್‌ಗೆ ಹಾಕಿದಾಗ ಉದುರುವುದೂ ಅಂಥ ಎಳೆಗಳೇ. ಚರಂಡಿಗೆ ಬಿದ್ದ ಕವರ್ ಕೂವಂ, ಅಡ್ಯಾರ್ ನದಿಗಳ ದಾರಿಯಲ್ಲಿ ಬಂಗಾಳ ಕೊಲ್ಲಿ ಸೇರುತ್ತದೆ. ತಮಿಳುನಾಡಿನಲ್ಲಿ 2019ರ ಜನವರಿ 1ರಿಂದ ಇಂಥ ಕವರ್‌ಗೆ ನಿಷೇಧವಿದೆ. ಆದರೂ ಮೀನಿನವಳು ಕವರ್ ಕೊಡದಿದ್ದರೆ ಮುಖ ಸಿಂಡರಿಸುವವರು ನಾವೇ!

ಸಮಿತಿಯವರಿಗೆ ಒಂದು ಕೋರಿಕೆ. ಈ ಸಲದ ರಾಜ್ಯೋತ್ಸವದ ಊಟಕ್ಕೆ ನೀರಿನ ಸಣ್ಣ ಬಾಟಲಿ ತರಿಸಬೇಡಿ. ದೊಡ್ಡ ಕ್ಯಾನ್, ಸ್ಟೀಲ್ ಲೋಟ ಇಡೋಣ. ಲೋಟ ತೊಳೆಯುವ ಪಾಳಿಗೆ ಮೊದಲ ಹೆಸರು ನನ್ನದು ಬರೆದುಕೊಳ್ಳಿ.