ಫ್ರಿಜ್ಜಿನಿಂದ ಹೊರಬಂದ ತರಕಾರಿ: ಒಬ್ಬ ವಿದ್ಯಾರ್ಥಿನಿಯ ಪ್ರಶ್ನೆ

(ಮಲೆನಾಡಿನ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಪರಿಸರದ ಸಭೆಯೆಂದರೆ ಕಾಡು, ನದಿ, ಅಣೆಕಟ್ಟು, ಗಣಿಗಾರಿಕೆಗಳ ಮಾತು ಸಹಜ. ಇಂದು ನಾನು ಅಡುಗೆಮನೆಯ ಒಂದು ಮೂಲೆಯ ಬಗ್ಗೆ ಮಾತನಾಡಲು ಬಯಸುತ್ತೇನೆ. ಬೆಳೆದ ಅಥವಾ ಕೊಂಡುತಂದ ತರಕಾರಿಯನ್ನು ನಾವು ಎಲ್ಲಿ ಇಡುತ್ತೇವೆ, ಹೇಗೆ ಇಡುತ್ತೇವೆ, ಹಾಗೆ ಇಡುವುದನ್ನು ನಮಗೆ ಕಲಿಸಿದವರು ಯಾರು ಎಂಬುದೂ ಪರಿಸರದ ಪ್ರಶ್ನೆಯೇ. ಈ ಪ್ರಶ್ನೆಯನ್ನು ಗಂಭೀರವಾಗಿ ಎತ್ತಿಕೊಂಡವರು ವಿನ್ಯಾಸಶಾಸ್ತ್ರದ ಒಬ್ಬ ವಿದ್ಯಾರ್ಥಿನಿ. ಅವರ ಹೆಸರು ಜಿಹ್ಯೂನ್ ರ್ಯೂ. ದಕ್ಷಿಣ ಕೊರಿಯಾದವರಾದ ಇವರು ನೆದರ್ಲೆಂಡ್ಸ್ ದೇಶದ ಐಂಡ್‌ಹೋವನ್ ನಗರದ ವಿನ್ಯಾಸ ಅಕಾಡೆಮಿಯಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡಿ, 2009ರಲ್ಲಿ ತಮ್ಮ ಪದವಿಯ ಕೃತಿಯಾಗಿ ಕೆಲವು ಮರದ ಹಲಗೆಗಳನ್ನು ಗೋಡೆಗೆ ತೂಗುಹಾಕಿದರು. 1891ರಲ್ಲಿ ಫಿಲಿಪ್ಸ್ ಕಂಪನಿ ಹುಟ್ಟಿದ ನಗರ ಅದು; ವಿದ್ಯುತ್ ಉಪಕರಣಗಳ ತವರೂರು. ಅಂತಹ ಊರಿನಲ್ಲಿ ಕುಳಿತು, ವಿದ್ಯುತ್ತಿನ ಹಂಗಿಲ್ಲದೆ ಆಹಾರವನ್ನು ಕಾಪಾಡುವ ಬಗೆಯನ್ನು ಅವರು ಹುಡುಕಿದರು. ಆ ಯೋಜನೆ ಮುಂದೆ 'ಸೇವ್ ಫುಡ್ ಫ್ರಮ್ ದ ಫ್ರಿಜ್', ಅಂದರೆ 'ಆಹಾರವನ್ನು ಫ್ರಿಜ್ಜಿನಿಂದ ಉಳಿಸಿ' ಎಂಬ ಹೆಸರಿನಿಂದ ಪ್ರಸಿದ್ಧವಾಯಿತು.

ಅವರ ವಾದ ಸರಳವಾದುದು. ಆಹಾರವನ್ನು ಕಾಪಾಡುವ ಹೊಣೆಯನ್ನು ನಾವು ಒಂದು ಯಂತ್ರಕ್ಕೆ ವಹಿಸಿಬಿಟ್ಟೆವು. ಹೊಣೆ ಕೈಬಿಟ್ಟ ಮೇಲೆ ತಿಳಿವಳಿಕೆಯೂ ಕೈಬಿಟ್ಟಿತು. ಹಿರಿಯರ ಬಾಯಲ್ಲಿ ಉಳಿದಿರುವ ಆ ತಿಳಿವಳಿಕೆಯನ್ನು ಕಣ್ಣಿಗೆ ಕಾಣುವ, ದಿನವೂ ಕೈ ತಾಗುವ ವಸ್ತುವಿನ ರೂಪಕ್ಕೆ ತಂದರೆ ಅದು ಬದುಕುಳಿಯುತ್ತದೆ. ಕೃಷಿವಿಜ್ಞಾನದ ವಿದ್ಯಾರ್ಥಿಯಾಗಿ ನನಗೆ ಈ ವಸ್ತುಗಳು ಎರಡು ಕಾರಣಕ್ಕೆ ಮುಖ್ಯವೆನಿಸುತ್ತವೆ. ಒಂದು, ಅವುಗಳ ಹಿಂದಿರುವ ಸಸ್ಯಶಾಸ್ತ್ರ. ಎರಡು, ನಮ್ಮ ಮನೆಗಳಲ್ಲಿ ಇದೀಗ ಕಣ್ಮರೆಯಾಗುತ್ತಿರುವ ಸಂಗತಿಗಳು.

ಐದು ಹಲಗೆಗಳು

ಕಿತ್ತ ತರಕಾರಿ ಸತ್ತ ವಸ್ತುವಲ್ಲ ಎಂಬುದನ್ನು ಮೊದಲು ನೆನಪಿಡಬೇಕು. ಅದು ಉಸಿರಾಡುತ್ತಿರುತ್ತದೆ, ಬೆವರುತ್ತಿರುತ್ತದೆ. ಉಷ್ಣಾಂಶ ಹತ್ತು ಡಿಗ್ರಿ ಏರಿದರೆ ಉಸಿರಾಟದ ವೇಗ ಸುಮಾರಾಗಿ ಎರಡರಿಂದ ಮೂರು ಪಟ್ಟಾಗುತ್ತದೆ. ಆದುದರಿಂದಲೇ ತಂಪು ಒಳ್ಳೆಯದು. ಆದರೆ ಎಲ್ಲದಕ್ಕೂ ಒಂದೇ ತಂಪು ಒಳ್ಳೆಯದಲ್ಲ.

ಮೊದಲನೆಯ ಹಲಗೆಯಲ್ಲಿ ಒದ್ದೆ ಮರಳಿದೆ. ಕ್ಯಾರೆಟ್ಟಿನಂತಹ ಗಡ್ಡೆಬೇರುಗಳನ್ನು ಅದರಲ್ಲಿ ನೆಟ್ಟಗೆ, ಹೊಲದಲ್ಲಿದ್ದಂತೆಯೇ ನಿಲ್ಲಿಸಲಾಗುತ್ತದೆ. ನೆಟ್ಟಗೆ ನಿಂತರೆ ಬೇರಿನ ಚೈತನ್ಯ ಉಳಿಯುತ್ತದೆ ಎಂಬುದು ಹಿರಿಯರ ನಂಬಿಕೆ. ಚಿಗುರು, ಹೂದಂಟುಗಳ ವಿಷಯದಲ್ಲಿ ಇದು ದಿಟ. ಗ್ಲಾಡಿಯೋಲಸ್ ಹೂವಿನ ದಂಟನ್ನು ಮಲಗಿಸಿಟ್ಟರೆ ತುದಿ ಮೇಲಕ್ಕೆ ಬಾಗುವುದನ್ನು ಹೂವಿನ ವ್ಯಾಪಾರಿಗಳೆಲ್ಲ ಬಲ್ಲರು. ಕ್ಯಾರೆಟ್ಟಿನ ಮಟ್ಟಿಗೆ ಮಾತ್ರ ಹೆಚ್ಚಿನ ಉಪಕಾರ ಒದ್ದೆ ಮರಳಿನದು. ಕ್ಯಾರೆಟ್ ಬಾಡುವುದು ನೀರು ಕಳೆದುಕೊಂಡು. ಮರಳಿನ ತೇವ ಅದನ್ನು ತಡೆಯುತ್ತದೆ.

ಎರಡನೆಯದರಲ್ಲಿ ಕೆಳಗೆ ಕತ್ತಲೆಯ ಪೆಟ್ಟಿಗೆಯೊಳಗೆ ಆಲೂಗಡ್ಡೆ, ಮೇಲಿನ ರಂಧ್ರಗಳಲ್ಲಿ ಸೇಬು. ಸೇಬು ಎಥಿಲೀನ್ ಎಂಬ ಅನಿಲವನ್ನು ಹೊರಬಿಡುತ್ತದೆಂಬುದನ್ನು 1934ರಲ್ಲಿ ಇಂಗ್ಲೆಂಡಿನ ರಿಚರ್ಡ್ ಗೇನ್ ಸಾಬೀತುಪಡಿಸಿದರು. ಈ ಅನಿಲದ ಸತತ ಸಂಪರ್ಕದಲ್ಲಿ ಆಲೂಗಡ್ಡೆಯ ಮೊಳಕೆ ಉದ್ದವಾಗುವುದಿಲ್ಲ. ಅದೇ ಎಥಿಲೀನ್ ಕ್ಯಾರೆಟ್ಟಿಗೆ ತಾಗಿದರೆ ಕ್ಯಾರೆಟ್ ಕಹಿಯಾಗುತ್ತದೆ. ಬಾಳೆಕಾಯಿಗೆ ತಾಗಿದರೆ ಬೇಗ ಹಣ್ಣಾಗುತ್ತದೆ. ಯಾವುದರ ಪಕ್ಕದಲ್ಲಿ ಯಾವುದನ್ನು ಇಡಬೇಕೆಂಬುದು ಅಂದಚೆಂದದ ವಿಷಯವಲ್ಲ, ರಸಾಯನಶಾಸ್ತ್ರದ ವಿಷಯ. ಫ್ರಿಜ್ಜಿನೊಳಗಿಟ್ಟ ಆಲೂಗಡ್ಡೆಯ ಪಿಷ್ಟ ಸಕ್ಕರೆಯಾಗಿ ಮಾರ್ಪಡುತ್ತದೆ ಎಂಬುದನ್ನೂ ಇಲ್ಲಿ ಹೇಳಬೇಕು. ಅಂತಹ ಗಡ್ಡೆಯನ್ನು ಕರಿದರೆ ಬೇಗನೆ ಕಪ್ಪಾಗುತ್ತದೆ.

ಮೂರನೆಯದು ಬದನೆ, ಸೌತೆ, ದೊಣ್ಣೆಮೆಣಸುಗಳಿಗಾಗಿ. ಹಲಗೆಯಲ್ಲಿ ಒಂದಿಷ್ಟು ನೀರು ನಿಲ್ಲುವ ತಗ್ಗು, ಅದರ ಮೇಲೆ ತರಕಾರಿ. ನೀರು ನಿಧಾನವಾಗಿ ಆರುತ್ತಾ ಸುತ್ತಲ ಗಾಳಿಗೆ ತೇವ ಕೊಡುತ್ತದೆ. ಇವೆಲ್ಲ ಬಿಸಿಲುನಾಡಿನ ಬೆಳೆಗಳು. ಸುಮಾರು 10 ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಕೆಲವು ದಿನ ಇದ್ದರೆ ಅವುಗಳ ಜೀವಕೋಶಗಳಿಗೆ ಪೆಟ್ಟು ಬೀಳುತ್ತದೆ. ಸೌತೆಯ ಸಿಪ್ಪೆಯಲ್ಲಿ ಗುಳಿ ಬೀಳುವುದು, ಬದನೆಯ ಬೀಜ ಕಂದಾಗುವುದು, ಬಾಳೆಹಣ್ಣಿನ ಸಿಪ್ಪೆ ಕಪ್ಪಾಗುವುದು ಎಲ್ಲವೂ ಇದರಿಂದಲೇ. ಮನೆಯ ಫ್ರಿಜ್ಜು ಕೆಲಸ ಮಾಡುವುದು 4 ಡಿಗ್ರಿಯ ಆಸುಪಾಸಿನಲ್ಲಿ. ಗೆಣಸು, ಶುಂಠಿಗಳಿಗೂ ಅದು ಹಿತವಲ್ಲ.

ನಾಲ್ಕನೆಯದು ಮೊಟ್ಟೆಯ ಹಲಗೆ. ಜೊತೆಗೆ ಒಂದು ಲೋಟ ನೀರು. ಮೊಟ್ಟೆಯ ಚಿಪ್ಪಿನಲ್ಲಿ ಸಾವಿರಾರು ಸೂಕ್ಷ್ಮ ರಂಧ್ರಗಳಿವೆ. ಅವುಗಳ ಮೂಲಕ ತೇವ ಹೊರಹೋಗುತ್ತಾ ಒಳಗಿನ ಗಾಳಿಯ ಗೂಡು ದೊಡ್ಡದಾಗುತ್ತದೆ. ಹಳೆಯ ಮೊಟ್ಟೆ ನೀರಿನಲ್ಲಿ ತೇಲುವುದು ಈ ಕಾರಣಕ್ಕೆ. ಐದನೆಯದು ಮಸಾಲೆ ಪದಾರ್ಥದ ಡಬ್ಬಿ. ತೇವ ಹೀರಲು ಅದರೊಡನೆ ಅಕ್ಕಿಕಾಳುಗಳನ್ನು ಇರಿಸಲಾಗಿದೆ.

ವಸ್ತುವನ್ನಲ್ಲ, ತತ್ತ್ವವನ್ನು ತರಬೇಕು

ಈ ಹಲಗೆಗಳನ್ನು ಹಾಗೆಯೇ ತಂದು ಮಲೆನಾಡಿನ ಗೋಡೆಗೆ ಹೊಡೆದರೆ ಏನಾದೀತು? ಆಷಾಢದಲ್ಲಿ ನಮ್ಮ ಗಾಳಿಯೇ ನೀರು ತುಂಬಿಕೊಂಡಿರುತ್ತದೆ. ಸೌತೆಯ ಕೆಳಗೆ ನೀರಿನ ತಗ್ಗಿಟ್ಟರೆ ಬೂಷ್ಟು ಹಿಡಿಯುವುದು ಖಂಡಿತ. ಅದೇ ಉಪಾಯ ಫಾಲ್ಗುಣ, ಚೈತ್ರಗಳ ಒಣಗಾಳಿಯಲ್ಲಿ ಉಪಯುಕ್ತ. ಗಾಳಿಯ ಸಾಪೇಕ್ಷ ತೇವಾಂಶ ಶೇ. 75 ದಾಟಿದರೆ ಉಪ್ಪು ನೀರು ಹೀರಿ ಕರಗತೊಡಗುತ್ತದೆ. ಅಂತಹ ಹವೆಯಲ್ಲಿ ನಾಲ್ಕು ಅಕ್ಕಿಕಾಳು ಎಷ್ಟು ಹೊತ್ತು ಕಾಪಾಡೀತು? ನಮ್ಮ ಹಿರಿಯರು ಉಪ್ಪನ್ನು ಮರದ ಮರಿಗೆಯಲ್ಲಿ ಹಾಕಿ ಒಲೆಯ ಬೆಚ್ಚನೆಯ ಬದಿಗೆ ಇಟ್ಟದ್ದು ಇದೇ ಪ್ರಶ್ನೆಗೆ ಕೊಟ್ಟ ಬೇರೊಂದು ಉತ್ತರ. ಯುರೋಪಿನಲ್ಲಿ ಅಂಗಡಿಗೆ ಬರುವ ಮೊಟ್ಟೆಯನ್ನು ಸಾಮಾನ್ಯವಾಗಿ ತೊಳೆದಿರುವುದಿಲ್ಲ; ಚಿಪ್ಪಿನ ಮೇಲಿನ ಸಹಜ ಲೇಪ ಉಳಿದಿರುತ್ತದೆ, ಹವೆಯೂ ತಂಪು. ನಮ್ಮ ಬೇಸಿಗೆಯಲ್ಲಿ ಮೊಟ್ಟೆಯನ್ನು ಹಲಗೆಯ ಮೇಲೆ ಬಹಳ ದಿನ ಇಡುವುದು ಸಲ್ಲದು. ನೀರಿನ ಪರೀಕ್ಷೆ ಮೊಟ್ಟೆಯ ವಯಸ್ಸನ್ನು ಹೇಳುತ್ತದೆಯೇ ಹೊರತು ರೋಗಾಣು ಇದೆಯೇ ಇಲ್ಲವೇ ಎಂಬುದನ್ನಲ್ಲ.

ಫ್ರಿಜ್ಜನ್ನು ತೆಗಳುವುದು ನನ್ನ ಉದ್ದೇಶವಲ್ಲ. ಹಾಲು, ಮೀನು, ಮಾಂಸ, ಬೇಯಿಸಿದ ಅಡುಗೆ, ಮಧುಮೇಹಿಗಳ ಇನ್ಸುಲಿನ್, ಮಕ್ಕಳ ಲಸಿಕೆ ಇವಕ್ಕೆಲ್ಲ ಅದು ಬೇಕು. ಅದರ ಬೆಲೆಯನ್ನೂ ನಾವು ಅರಿತಿರಬೇಕು. ಹಿಂದೆ ಅದರಲ್ಲಿ ಬಳಸುತ್ತಿದ್ದ ಸಿಎಫ್‌ಸಿ ಅನಿಲಗಳು ಓಝೋನ್ ಪದರವನ್ನು ಕೊರೆದವು. 1987ರ ಮಾಂಟ್ರಿಯಲ್ ಒಪ್ಪಂದ ಅವುಗಳಿಗೆ ಕಡಿವಾಣ ಹಾಕಿತು. ಅವುಗಳ ಜಾಗಕ್ಕೆ ಬಂದ ಎಚ್‌ಎಫ್‌ಸಿ ಅನಿಲಗಳು ಭೂಮಿಯ ಬಿಸಿಯನ್ನು ಹೆಚ್ಚಿಸುವಂಥವು ಎಂಬ ಕಾರಣಕ್ಕೆ 2016ರಲ್ಲಿ ಕಿಗಾಲಿಯಲ್ಲಿ ಮತ್ತೊಂದು ತಿದ್ದುಪಡಿ ಮಾಡಬೇಕಾಯಿತು. ಇಷ್ಟಾದರೂ ಆಹಾರ ಉಳಿಯಿತೇ? ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2024ರಲ್ಲಿ ಪ್ರಕಟಿಸಿದ ವರದಿಯಂತೆ, 2022ರಲ್ಲಿ ಜಗತ್ತಿನ ಮನೆ, ಹೋಟೆಲು, ಅಂಗಡಿಗಳಲ್ಲಿ ವ್ಯರ್ಥವಾದ ಆಹಾರ ಸುಮಾರು 105 ಕೋಟಿ ಟನ್. ಅದರಲ್ಲಿ ಶೇ. 60ರಷ್ಟು ವ್ಯರ್ಥವಾದದ್ದು ಮನೆಗಳಲ್ಲಿ. ಬಾಗಿಲು ಮುಚ್ಚಿದ ಪೆಟ್ಟಿಗೆಯ ಹಿಂಬದಿಗೆ ಸರಿದುಹೋದ ತರಕಾರಿ ನಮ್ಮ ಕಣ್ಣಿಗೆ ಬೀಳುವುದು ಕೊಳೆತ ಮೇಲೆಯೇ. ರ್ಯೂ ಅವರ ಹಲಗೆಗಳಲ್ಲಿ ಆಹಾರ ಸದಾ ಕಣ್ಣೆದುರಿಗಿರುತ್ತದೆ. ನೀರು ಹಾಕಬೇಕು, ಮುಟ್ಟಿ ನೋಡಬೇಕು, ಹಳತನ್ನು ಮೊದಲು ಬಳಸಬೇಕು. ಆ ವಿನ್ಯಾಸದ ನಿಜವಾದ ಗುಣ ಇದು.

ಜಂತಿಯಿಲ್ಲದ ಮನೆಗಳು

ಈಗ ನಮ್ಮ ಮನೆಗಳಿಗೆ ಬರೋಣ. ಹೆಂಚಿನ ಮನೆಯ ಜಂತಿಗೆ ಬಾಳೆನಾರಿನಲ್ಲಿ ಕಟ್ಟಿ ತೂಗುಬಿಟ್ಟ ಮಂಗಳೂರು ಸೌತೆಕಾಯಿಗಳ ಸಾಲನ್ನು ಇಲ್ಲಿರುವ ಹಿರಿಯರೆಲ್ಲ ಕಂಡಿದ್ದೀರಿ. ಬೇಸಿಗೆಯಲ್ಲಿ ಬೆಳೆದ ಸೌತೆ ಮಳೆಗಾಲದ ಸಾರು, ಹುಳಿಗೆ ಒದಗುತ್ತಿದ್ದುದು ಹೀಗೆ. ಇದರ ಹಿಂದಿನ ಶಾಸ್ತ್ರ ಸ್ಪಷ್ಟವಾಗಿದೆ. ಬಲಿತ ಸೌತೆಯ ಸಿಪ್ಪೆ ಗಟ್ಟಿ. ತೂಗುಬಿಟ್ಟಾಗ ಸುತ್ತಲೂ ಗಾಳಿಯಾಡುತ್ತದೆ. ನೆಲ ತಾಗಿ ತೇವ ನಿಲ್ಲುವುದಿಲ್ಲ. ಒಂದು ಕಾಯಿ ಕೊಳೆತರೆ ಪಕ್ಕದ ಕಾಯಿಗೆ ಹಬ್ಬುವುದಿಲ್ಲ. ಬೂದುಗುಂಬಳದ ಮೈಮೇಲಿನ ಬಿಳಿಯ ಬೂದಿ ಮೇಣದ ಲೇಪ. ಅದನ್ನು ಒರೆಸದೆ ಇಡಬೇಕೆಂದು ಅಜ್ಜಿಯಂದಿರು ಗದರುತ್ತಿದ್ದುದಕ್ಕೆ ಅರ್ಥವಿದೆ. ಹಲಸಿನ ಬೇಳೆಯನ್ನು ಮಣ್ಣಿನಲ್ಲೋ ಮರಳಿನಲ್ಲೋ ಹುದುಗಿಸಿಡುವ ನಮ್ಮ ಪದ್ಧತಿಗೂ ಐಂಡ್‌ಹೋವನ್ನಿನ ಆ ಮರಳಿನ ಹಲಗೆಗೂ ಒಂದೇ ತತ್ತ್ವ: ಬೀಜವಾಗಲಿ ಬೇರಾಗಲಿ, ಒಣಗಿಹೋಗದಂತೆ ಕಾಯುವುದು.

ಇಂದು ಹೆಂಚಿನ ಮನೆ ಕೆಡವಿ ತಾರಸಿ ಮನೆ ಕಟ್ಟುತ್ತಿದ್ದೇವೆ. ಸೋರದ ಮನೆ ಬೇಕೆನ್ನುವುದು ತಪ್ಪಲ್ಲ; ವರ್ಷವರ್ಷವೂ ಹೆಂಚು ಕೈಯಾಡಿಸುವ ಕಷ್ಟವನ್ನು ಬಲ್ಲವರು ಅದನ್ನು ತಪ್ಪೆನ್ನಲಾರರು. ಆದರೆ ತಾರಸಿಗೆ ಜಂತಿಯಿಲ್ಲ. ಹೊಗೆಯಾಡುವ ಅಟ್ಟವಿಲ್ಲ. ಒಲೆಯ ಬದಿಯ ಬೆಚ್ಚನೆಯ ಕಟ್ಟೆಯಿಲ್ಲ. ಸೌತೆಕಾಯಿ ಕಟ್ಟುವ ಜಾಗ ಹೋದಾಗ ಕಟ್ಟುವ ಗಂಟೂ ಮರೆಯುತ್ತದೆ. ಯಾವ ಕಾಯಿ ಉಳಿದೀತು, ಯಾವುದು ಉಳಿಯದು ಎಂದು ಬೆರಳಲ್ಲಿ ತಟ್ಟಿ ಹೇಳುವ ವಿವೇಕವೂ ಅದರ ಹಿಂದೆಯೇ ಹೋಗುತ್ತದೆ. ಕೊನೆಗೆ, ಬಹುಕಾಲ ಇಡಬಹುದಾದ ನಾಟಿ ತಳಿಯನ್ನೇ ಬೆಳೆಯುವುದು ನಿಲ್ಲುತ್ತದೆ, ಏಕೆಂದರೆ ಇಡುವ ಅಗತ್ಯವೇ ಇಲ್ಲ. ಕೃಷಿವಿಜ್ಞಾನಿಯಾಗಿ ನನ್ನನ್ನು ಹೆಚ್ಚು ಕಾಡುವುದು ಈ ಕೊನೆಯ ಕೊಂಡಿ. ತಳಿ ಉಳಿಯಬೇಕಾದರೆ ಬೀಜಭಂಡಾರವೊಂದೇ ಸಾಲದು. ಆ ತಳಿಗೆ ಅಡುಗೆಮನೆಯಲ್ಲೂ ಒಂದು ಜಾಗ ಬೇಕು.

ವಿದ್ಯಾರ್ಥಿಗಳಿಗೆ ಒಂದು ಕೆಲಸ

ವಿದ್ಯಾರ್ಥಿ ಮಿತ್ರರು ಮಾಡಬಹುದಾದ ಕೆಲಸ ದೊಡ್ಡದೇನಲ್ಲ, ಖರ್ಚಿನದೂ ಅಲ್ಲ. ನಿಮ್ಮ ಕೇರಿಯ ಹತ್ತು ಮನೆಗಳಲ್ಲಿ ಅಜ್ಜಿಯರನ್ನು, ದೊಡ್ಡಮ್ಮಂದಿರನ್ನು ಕೇಳಿ: ಏನನ್ನು, ಎಲ್ಲಿ, ಎಷ್ಟು ದಿನ ಇಡುತ್ತಿದ್ದಿರಿ? ಅವರ ಮಾತಿನಲ್ಲೇ ಬರೆದುಕೊಳ್ಳಿ. ಬಳಿಕ ಪರೀಕ್ಷಿಸಿ. ಒಂದೇ ದಿನ ಕೊಯ್ದ, ಹೆಚ್ಚುಕಡಿಮೆ ಒಂದೇ ತೂಕದ ಇಪ್ಪತ್ತು ಸೌತೆಕಾಯಿ ತನ್ನಿ. ಹತ್ತನ್ನು ತೂಗುಬಿಡಿ, ಹತ್ತನ್ನು ನೆಲದ ಮೇಲೆ ರಾಶಿ ಹಾಕಿ. ವಾರಕ್ಕೊಮ್ಮೆ ತೂಗಿ ಬರೆದಿಡಿ, ಕೊಳೆತದ್ದನ್ನು ಎಣಿಸಿ. ಮಳೆಗಾಲದಲ್ಲೊಮ್ಮೆ, ಬೇಸಿಗೆಯಲ್ಲೊಮ್ಮೆ ಮಾಡಿ. ಹಿರಿಯರು ಹೇಳಿದ್ದೆಲ್ಲ ಸತ್ಯವಾಗಬೇಕೆಂದಿಲ್ಲ. ಪರೀಕ್ಷೆಯಲ್ಲಿ ಸೋತದ್ದನ್ನು ಗೌರವದಿಂದಲೇ ಬಿಟ್ಟುಬಿಡೋಣ. ಗೆದ್ದದ್ದಕ್ಕೆ ಹೊಸ ಆಕಾರ ಹುಡುಕೋಣ.

ಆ ಆಕಾರ ತಾರಸಿ ಮನೆಗೆ ಹೊಂದುವಂತಿರಬೇಕು. ಮನೆ ಕಟ್ಟುವಾಗಲೇ ಅಡುಗೆಮನೆಯ ಸೂರಿನಲ್ಲಿ ನಾಲ್ಕು ಕಬ್ಬಿಣದ ಕೊಂಡಿಗಳನ್ನು ಬಿಡಿಸಿಕೊಳ್ಳುವುದು, ಗಾಳಿಯಾಡುವ ಕಿಟಕಿಯ ಬಳಿ ಬಿದಿರಿನ ಅಡ್ಡಗಳ ಒಂದು ಚೌಕಟ್ಟು ನಿಲ್ಲಿಸುವುದು, ತಂಪಾದ ಮೂಲೆಯಲ್ಲಿ ಮರಳು ತುಂಬಿದ ಮಣ್ಣಿನ ಬಾನಿಯೊಂದನ್ನು ಇಡುವುದು, ಇವುಗಳಿಗೆ ವಿನ್ಯಾಸ ಅಕಾಡೆಮಿಯ ಪದವಿ ಬೇಕಿಲ್ಲ. ಊರಿನ ಬಡಗಿ, ಕುಂಬಾರ, ಬುಟ್ಟಿ ಹೆಣೆಯುವವರನ್ನು ಕೂರಿಸಿಕೊಂಡು ಮಾತನಾಡಿದರೆ ಸಾಕು. ಅವರ ಕೈಗೂ ನಾಲ್ಕು ಕಾಸಿನ ಕೆಲಸ ಸಿಕ್ಕೀತು.

ಒಂದು ಮಾತನ್ನು ಹೆಣ್ಣುಮಕ್ಕಳ ಪರವಾಗಿ ಹೇಳಿ ಮುಗಿಸುತ್ತೇನೆ. ಇದುವರೆಗೆ ಈ ಜ್ಞಾನವನ್ನು ಹೊತ್ತವರೂ ಅದರ ದುಡಿಮೆಯನ್ನು ಹೊತ್ತವರೂ ಅವರೇ. ಫ್ರಿಜ್ಜು ಆ ಹೊರೆಯನ್ನು ಒಂದಿಷ್ಟು ಇಳಿಸಿತು ಎಂಬುದನ್ನು ಮರೆತು, ಪರಂಪರೆಯ ಹೆಸರಿನಲ್ಲಿ ಅದನ್ನು ಮತ್ತೆ ಅವರ ತಲೆಗೇ ಹೊರಿಸಿದರೆ ಅದು ಅನ್ಯಾಯ. ಸೌತೆಕಾಯಿ ಕಟ್ಟುವುದನ್ನು ಮನೆಯ ಗಂಡುಮಕ್ಕಳೂ ಕಲಿಯಲಿ. ಮರಳಿಗೆ ನೀರು ಹಾಕುವ ಸರದಿ ಎಲ್ಲರಿಗೂ ಬರಲಿ. ಈ ವರ್ಷದ ಸೌತೆಯ ಬಳ್ಳಿ ಒಣಗುವುದರೊಳಗೆ ನಿಮ್ಮ ಪಟ್ಟಿ ಸಿದ್ಧವಾಗಲಿ. ಪರೀಕ್ಷೆಯ ಲೆಕ್ಕಗಳನ್ನು ಈ ಪತ್ರಿಕೆಗೆ ಬರೆದು ಕಳುಹಿಸಿ. ಗೆದ್ದದ್ದನ್ನೂ ಸೋತದ್ದನ್ನೂ ಒಟ್ಟಿಗೆ ಕುಳಿತು ಚರ್ಚಿಸೋಣ.