ದಡದಲ್ಲಿ ಕಾಯಬೇಡಿ

(ಹೊನ್ನಾವರ ಕಡೆಯ ಒಂದು ಮೀನುಗಾರರ ಕೇರಿ. ಸಂಜೆಯ ಕಲಿಕಾ ಕೇಂದ್ರಕ್ಕೆ ಬರುವ ಹೆಂಗಸರ ಮುಂದೆ ಆಡಿದ ಮಾತು.)



ಕಡಲಿನ ವಿಷಯ ನಿಮಗೆ ಹೇಳಿಕೊಡಲು ನಾನು ಯಾರು? ನಾನು ಗದ್ದೆಯ ಬದಿಯಲ್ಲಿ ಹುಟ್ಟಿದವಳು. ನೀವು ಅಲೆಯ ಸದ್ದು ಕೇಳುತ್ತಾ ಮಲಗಿದವರು. ಗಾಳಿ ಯಾವ ಕಡೆಯಿಂದ ಬಂತು, ಇವತ್ತು ಬಂಗಡೆ ಸಿಗ್ತದೋ ಇಲ್ಲವೋ, ಎಲ್ಲ ನಿಮಗೆ ಗೊತ್ತು. ಆದರೆ ಒಂದು ಅಲೆ ಇದೆ. ಅದನ್ನು ನಿಮ್ಮ ಅಜ್ಜಿಯೂ ನೋಡಿರಲಿಕ್ಕಿಲ್ಲ. ಅದರ ಹೆಸರು ಸುನಾಮಿ. ಇದು ಜಪಾನಿನ ಮಾತು. 'ಬಂದರಿನ ಅಲೆ' ಎಂದು ಅರ್ಥ.

ಇದು ಗಾಳಿಯಿಂದ ಏಳುವ ಅಲೆ ಅಲ್ಲ. ಕಡಲ ತಳದಲ್ಲಿ ದೊಡ್ಡ ಭೂಕಂಪ ಆಗುತ್ತದೆ. ತಳದ ನೆಲ ಒಮ್ಮೆಲೇ ಮೇಲಕ್ಕೋ ಕೆಳಕ್ಕೋ ಸರಿಯುತ್ತದೆ. ಮೇಲಿನ ನೀರೆಲ್ಲ ಅಲುಗುತ್ತದೆ. ನೀರು ತುಂಬಿದ ಕೊಡದ ಬುಡಕ್ಕೆ ಗುದ್ದಿದರೆ ಬಾಯಲ್ಲಿ ನೀರು ತುಳುಕುವುದಿಲ್ಲವೇ? ಹಾಗೆ. ಆಳದ ಕಡಲಿನಲ್ಲಿ ಈ ಅಲೆ ವಿಮಾನದ ವೇಗದಲ್ಲಿ ಓಡುತ್ತದೆ. ಅಲ್ಲಿ ಅದರ ಎತ್ತರ ಕಡಿಮೆ. ಬೋಟಿನಲ್ಲಿ ಇದ್ದವರಿಗೆ ಗೊತ್ತೇ ಆಗುವುದಿಲ್ಲ. ದಡದ ಹತ್ತಿರ ಬಂದ ಹಾಗೆ ವೇಗ ಇಳಿಯುತ್ತದೆ, ಎತ್ತರ ಏರುತ್ತದೆ. ವೇಗ ಇಳಿದರೂ ನಮ್ಮ ಓಟಕ್ಕಿಂತ ಅದು ಜೋರು.

2004ರ ಡಿಸೆಂಬರ್ 26. ಅಂದು ಭಾನುವಾರ. ಬೆಳಿಗ್ಗೆ ಆರೂವರೆಗೆ ಇಂಡೋನೇಷ್ಯಾದ ಸುಮಾತ್ರಾ ದ್ವೀಪದ ಹತ್ತಿರ ಕಡಲ ತಳ ನಡುಗಿತು. ಎರಡು ಗಂಟೆ ಕಳೆಯಿತು. ತಮಿಳುನಾಡಿನ ನಾಗಪಟ್ಟಣಂ ಕರಾವಳಿಗೆ ಅಲೆ ನುಗ್ಗಿತು. ಆ ಎರಡು ಗಂಟೆಯಲ್ಲಿ ದಡದ ಜನರಿಗೆ ಯಾರೂ ಸುದ್ದಿ ಮುಟ್ಟಿಸಲಿಲ್ಲ. ನಾಗಪಟ್ಟಣಂ ಜಿಲ್ಲೆ ಒಂದರಲ್ಲೇ 6 ಸಾವಿರಕ್ಕೂ ಹೆಚ್ಚು ಜನ ಸತ್ತರು.

ಈಗ ನಾನು ಹೇಳುವುದನ್ನು ಗಮನ ಇಟ್ಟು ಕೇಳಿ. ತಮಿಳುನಾಡಿನ ಅನೇಕ ಹಳ್ಳಿಗಳಲ್ಲಿ ಸತ್ತವರಲ್ಲಿ ಗಂಡಸರಿಗಿಂತ ಹೆಂಗಸರೇ ಹೆಚ್ಚು. ಯಾಕೆ? ಗಂಡಸರಲ್ಲಿ ಹಲವರು ಆಳದ ಕಡಲಿನಲ್ಲಿ ಇದ್ದರು. ಅಲೆ ಅವರ ದೋಣಿಯ ಅಡಿಯಲ್ಲೇ ಹಾದುಹೋಯಿತು. ಹೆಂಗಸರು ಎಲ್ಲಿದ್ದರು? ಬುಟ್ಟಿ ಹಿಡಿದು ದಡದಲ್ಲಿ ಕಾಯುತ್ತಿದ್ದರು. ದೋಣಿ ಬರಲಿ, ಮೀನು ಕೊಳ್ಳೋಣ, ಪೇಟೆಗೆ ಹೋಗೋಣ ಎಂದು. ಉಳಿದವರು ಮನೆಯಲ್ಲಿ ಇದ್ದರು. ಓಡುವಾಗ ಮಕ್ಕಳನ್ನು ಹುಡುಕಲು ತಿರುಗಿ ಬಂದರು. ಸೀರೆ ಕಾಲಿಗೆ ಸುತ್ತಿಕೊಂಡಿತು. ಈಜು ಕಲಿಸಿದವರು ಯಾರೂ ಇರಲಿಲ್ಲ.

ದಡದಲ್ಲಿ ಬುಟ್ಟಿ ಹಿಡಿದು ಕಾಯುವವರು ಎಂದರೆ ನಾವೇ ಅಲ್ಲವೇ? ಅದಕ್ಕೇ ಈ ಮಾತನ್ನು ಗಂಡಸರ ಸಭೆಯಲ್ಲಿ ಅಲ್ಲ, ಇಲ್ಲಿ ಹೇಳುತ್ತಿದ್ದೇನೆ.

ಹಿಂದೆ ಕೂತ ಅಕ್ಕ ಒಬ್ಬರು ಈಗ ಹೇಳಿದರು, "ಅದು ಆ ಕಡೆಯ ಸಮುದ್ರ. ನಮ್ಮದು ಅರಬ್ಬೀ ಸಮುದ್ರ. ಇಲ್ಲಿಗೆ ಹೇಗೆ ಬರ್ತದೆ?" ಒಳ್ಳೆಯ ಪ್ರಶ್ನೆ. ಕೇರಳದವರೂ ಹಾಗೇ ತಿಳಿದಿದ್ದರು. ಅದೇ ದಿನ ಅಲೆ ಶ್ರೀಲಂಕಾವನ್ನು ಸುತ್ತಿ ಬಂತು. ಕೊಲ್ಲಂ ಜಿಲ್ಲೆಯ ಆಲಪ್ಪಾಡ್ ಎಂಬಲ್ಲಿ ನೂರಕ್ಕೂ ಹೆಚ್ಚು ಜನರನ್ನು ತೆಗೆದುಕೊಂಡು ಹೋಯಿತು. ಆಲಪ್ಪಾಡ್ ಒಂದು ಕಡೆ ಕಡಲು, ಒಂದು ಕಡೆ ಹಿನ್ನೀರು ಇರುವ ಸಪೂರ ಊರು. ನಮ್ಮ ಕರಾವಳಿಯಲ್ಲೂ ಅಂಥ ಊರುಗಳಿವೆ. ಇನ್ನೊಂದು ಇದೆ. 1945ರ ನವೆಂಬರ್‌ನಲ್ಲಿ ಈಗಿನ ಪಾಕಿಸ್ತಾನದ ಮಕ್ರಾನ್ ಕರಾವಳಿಯ ಹತ್ತಿರ ಭೂಕಂಪ ಆಯಿತು. ಅದರ ಅಲೆಗೆ ಮುಂಬೈಯಲ್ಲೂ ಜನ ಸತ್ತರು. ಮಕ್ರಾನ್ ಇರುವುದು ನಮ್ಮ ಅರಬ್ಬೀ ಸಮುದ್ರದ ದಡದಲ್ಲೇ.

ಭೂಕಂಪ ಅಷ್ಟು ದೂರ ಆದರೆ ನಮ್ಮ ಮನೆಯ ಪಾತ್ರೆ ಅಲುಗುವುದಿಲ್ಲ. ನಮಗೆ ಗೊತ್ತಾಗಬೇಕಾದರೆ ಸುದ್ದಿ ಬರಬೇಕು. 2007ರಿಂದ ಹೈದರಾಬಾದಿನಲ್ಲಿ ಸುನಾಮಿ ಎಚ್ಚರಿಕೆ ಕೇಂದ್ರ ಇದೆ. ಹಗಲು ರಾತ್ರಿ ಅಲ್ಲಿ ಜನ ಎಚ್ಚರ ಇರುತ್ತಾರೆ. ಭೂಕಂಪ ಆದ ಕೆಲವೇ ನಿಮಿಷದಲ್ಲಿ ಲೆಕ್ಕ ಹಾಕಿ ಸುದ್ದಿ ಕಳಿಸುತ್ತಾರೆ. ಅದು ಜಿಲ್ಲಾ ಆಡಳಿತಕ್ಕೆ ಬರುತ್ತದೆ. ರೇಡಿಯೋ, ಟಿ.ವಿ.ಯಲ್ಲಿ ಹೇಳುತ್ತಾರೆ. ಮೊಬೈಲಿಗೂ ಬರಬಹುದು.

ಆ ಸುದ್ದಿಯಲ್ಲಿ ಮೂರು ಪದ ಇರುತ್ತವೆ. ನೀವು ಈಗ ಓದಲು ಕಲಿತಿದ್ದೀರಿ. ಈ ಮೂರನ್ನು ಬರೆದು ಗೋಡೆಗೆ ಅಂಟಿಸಿ.

'ವಾಚ್' ಎಂದರೆ ಗಮನ ಇಡಿ. ಓಡಬೇಕಾಗಿಲ್ಲ. ಸುದ್ದಿ ಕೇಳುತ್ತಾ ಇರಿ.

'ಅಲರ್ಟ್' ಎಂದರೆ ದಡ ಬಿಡಿ. ಕಡಲಿಗೆ, ಬಂದರಿಗೆ, ತಗ್ಗಿನ ಜಾಗಕ್ಕೆ ಹೋಗಬೇಡಿ.

'ವಾರ್ನಿಂಗ್' ಎಂದರೆ ಮನೆ ಬಿಟ್ಟು ಎತ್ತರಕ್ಕೆ ಹೋಗಿ. ಕೂಡಲೇ ಹೋಗಿ.

ಜನ ಮೋಸ ಹೋಗುವುದು ನಡುವಿನ ಪದದಲ್ಲಿ. "ಅಲರ್ಟ್ ಅಷ್ಟೇ, ಮೊಣಕಾಲಿನಷ್ಟು ನೀರು ಬಂದೀತು" ಅಂತಾರೆ. ಮೊಣಕಾಲಿನಷ್ಟು ನೀರು ಸುಮ್ಮನೆ ನಿಂತಿದ್ದರೆ ಏನೂ ಇಲ್ಲ. ಇದು ನಿಂತ ನೀರಲ್ಲ, ಎಳೆಯುವ ನೀರು. ನಿಂತವರ ಕಾಲು ಕೀಳುತ್ತದೆ. ಕಟ್ಟಿದ ದೋಣಿಗಳನ್ನು ಒಂದಕ್ಕೊಂದು ಬಡಿಯುತ್ತದೆ. ಅಳಿವೆಯಲ್ಲಿ ಈ ಸೆಳೆತ ಇನ್ನೂ ಜೋರು. ಚಿಪ್ಪಿ ಹೆಕ್ಕಲು ಹೊಳೆಗೆ ಇಳಿಯುವವರು ಇಲ್ಲಿ ಎಷ್ಟು ಜನ ಇದ್ದೀರಿ? ಕೈ ಎತ್ತಿ. ನೋಡಿ, ಅರ್ಧಕ್ಕಿಂತ ಹೆಚ್ಚು. 'ಅಲರ್ಟ್' ಇದ್ದ ದಿನ ಹೊಳೆಗೆ ಇಳಿಯಬೇಡಿ. ಒಂದು ದಿನದ ದುಡ್ಡು ಹೋಗುತ್ತದೆ. ಅದು ಚಿಕ್ಕ ಮಾತಲ್ಲ, ನನಗೆ ಗೊತ್ತು. ಆದರೂ ಇಳಿಯಬೇಡಿ.

ಕೆಲವೊಮ್ಮೆ ಅಲೆ ಬರುವ ಮುಂಚೆ ಕಡಲು ಹಿಂದೆ ಸರಿಯುತ್ತದೆ. ಅಮಾವಾಸ್ಯೆಯ ಇಳಿತದಲ್ಲೂ ಕಾಣದ ಕಲ್ಲು ಕಾಣುತ್ತದೆ. ಮೀನು ಒದ್ದಾಡುತ್ತಾ ಬಿದ್ದಿರುತ್ತದೆ. 2004ರಲ್ಲಿ ಅದನ್ನು ನೋಡಲು ಹೋದವರು, ಹೆಕ್ಕಲು ಹೋದವರು ತಿರುಗಿ ಬರಲಿಲ್ಲ. ಹಾಗೆ ಕಂಡರೆ ಸುದ್ದಿಗೂ ಕಾಯಬೇಡಿ. ಬುಟ್ಟಿ ಬಿಟ್ಟು ಓಡಿ.

ಎಲ್ಲಿಗೆ? ಗುಡ್ಡಕ್ಕೆ. ಹೊಳೆಯ ದಂಡೆ ಹಿಡಿದು ಹೋಗಬೇಡಿ. ನೀರು ಅಳಿವೆಯಿಂದ ಹೊಳೆಯ ಒಳಗೂ ನುಗ್ಗುತ್ತದೆ. ಗುಡ್ಡ ದೂರ ಇದ್ದರೆ ಗಟ್ಟಿ ಕಾಂಕ್ರೀಟ್ ಕಟ್ಟಡದ ಮೇಲಿನ ಮಹಡಿ ಹತ್ತಿ. ಆಡಿನ ಹಗ್ಗ ಬಿಚ್ಚಿಬಿಡಿ. ರೇಷನ್ ಕಾರ್ಡ್, ಆಧಾರ್, ಬ್ಯಾಂಕಿನ ಪುಸ್ತಕ, ಅಜ್ಜಿಯ ಮಾತ್ರೆ, ಇಷ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಇವತ್ತೇ ಬಾಗಿಲ ಹಿಂದೆ ತೂಗುಹಾಕಿ. ಹೊರಡುವ ಹೊತ್ತಿಗೆ ಹುಡುಕಲು ಕೂರಬಾರದು. ಚಿನ್ನಕ್ಕೆಂದು ತಿರುಗಿ ಹೋಗಬಾರದು. ಮಕ್ಕಳು ಶಾಲೆಯಲ್ಲಿದ್ದರೆ ಯಾರು ಕರೆದೊಯ್ಯುತ್ತಾರೆ, ಎಲ್ಲಿ ಸೇರುವುದು ಎಂದು ಮಾಸ್ತರರ ಹತ್ತಿರ ಈಗಲೇ ಮಾತಾಡಿ ಇಟ್ಟುಕೊಳ್ಳಿ. ಹಾಗೆ ಮಾಡಿಕೊಂಡರೆ ನೀವು ದಡದ ಕಡೆ ತಿರುಗಿ ಓಡಬೇಕಾಗಿಲ್ಲ.

"ಯಜಮಾನರು ಕಡಲಿನಲ್ಲಿ ಇದ್ದಾರೆ, ಬಿಟ್ಟು ಹೇಗೆ ಹೋಗುದು?" ಇದೇ ನಿಮ್ಮೆಲ್ಲರ ಮನಸ್ಸಿನಲ್ಲಿ ಇರುವುದು. ಫೋನು ಸಿಕ್ಕರೆ ಸುದ್ದಿ ಹೇಳಿ. "ಬೇಗ ಮನೆಗೆ ಬನ್ನಿ" ಎಂದು ಮಾತ್ರ ಹೇಳಬೇಡಿ. ದೂರದ ಆಳ ನೀರಿನಲ್ಲಿ ಇರುವ ಬೋಟಿಗೆ ಅಲ್ಲೇ ಕ್ಷೇಮ. ಬಂದರಿಗೆ ಬಂದರೆ ಅಪಾಯ. ದಡದ ಹತ್ತಿರದ ಸಣ್ಣ ದೋಣಿಯವರು ಸಮಯ ಇದ್ದರೆ ಕೂಡಲೇ ದಡ ಸೇರಿ, ದೋಣಿ ಬಿಟ್ಟು, ಗುಡ್ಡಕ್ಕೆ ಬರಬೇಕು. ನೀವು ದಡದಲ್ಲಿ ನಿಂತು ಕಾದರೆ ಅವರಿಗೆ ಉಪಕಾರ ಆಗುವುದಿಲ್ಲ. ಅವರು ತಿರುಗಿ ಬಂದಾಗ ನೀವು ಇರಬೇಕು.

ಒಂದು ಅಲೆ ಬಂದು ಹೋಯಿತು ಎಂದು ಇಳಿಯಬೇಡಿ. ಎರಡನೆಯದು, ಮೂರನೆಯದು ಇನ್ನೂ ದೊಡ್ಡದು ಇರಬಹುದು. ನಡುವೆ ಅರ್ಧ ಗಂಟೆ, ಒಂದು ಗಂಟೆಯೂ ಕಳೆಯಬಹುದು. ಅಪಾಯ ಕಳೆಯಿತು ಎಂದು ಸರಕಾರದವರು ಹೇಳಿದ ಮೇಲೆಯೇ ಮನೆಗೆ. ವಾಟ್ಸಾಪಿನಲ್ಲಿ ಬಂದದ್ದನ್ನು ನಂಬಿ ಓಡುವುದೂ ಬೇಡ, ಇಳಿಯುವುದೂ ಬೇಡ. ಸಂಶಯ ಬಂದರೆ 1077ಕ್ಕೆ ಫೋನು ಮಾಡಿ. ಅದು ಜಿಲ್ಲೆಯ ನಂಬರು.

ಹೋದೆವು, ಏನೂ ಬರಲಿಲ್ಲ ಎಂದರೆ? 2012ರ ಏಪ್ರಿಲ್ 11ರಂದು ಹಾಗೇ ಆಯಿತು. ಸುಮಾತ್ರಾದ ಹತ್ತಿರ ಮತ್ತೆ ದೊಡ್ಡ ಭೂಕಂಪ. ಎಚ್ಚರಿಕೆ ಬಂತು. ಜನ ದಡ ಬಿಟ್ಟು ಓಡಿದರು. ದೊಡ್ಡ ಅಲೆ ಬರಲಿಲ್ಲ. ಸಂಜೆ ಎಲ್ಲರೂ ಮನೆಗೆ ಬಂದು ಅಡುಗೆ ಮಾಡಿದರು. ಇದರಲ್ಲಿ ನಾಚಿಕೆ ಏನಿದೆ?

ಸುಮಾತ್ರಾದ ಹತ್ತಿರ ಸಿಮೆಲು ಎಂಬ ದ್ವೀಪ ಇದೆ. 1907ರಲ್ಲಿ ಅಲ್ಲಿ ಸುನಾಮಿ ಬಂದು ತುಂಬಾ ಜನ ಸತ್ತಿದ್ದರು. ಉಳಿದವರು ಅದಕ್ಕೆ 'ಸ್ಮಾಂಗ್' ಎಂದು ಹೆಸರಿಟ್ಟರು. ನೆಲ ಜೋರಾಗಿ ನಡುಗಿ ಕಡಲು ಹಿಂದೆ ಹೋದರೆ ಗುಡ್ಡ ಹತ್ತಿ ಎಂದು ಮಕ್ಕಳಿಗೆ ಕತೆ ಹೇಳಿದರು, ತೊಟ್ಟಿಲು ತೂಗುವಾಗ ಹಾಡಿದರು. 2004ರಲ್ಲಿ ಅಲೆ ಅಲ್ಲಿಗೆ ಕೆಲವೇ ನಿಮಿಷದಲ್ಲಿ ಬಂತು. "ಸ್ಮಾಂಗ್! ಸ್ಮಾಂಗ್!" ಎಂದು ಕೂಗುತ್ತಾ ಎಲ್ಲರೂ ಗುಡ್ಡ ಹತ್ತಿದರು. ದ್ವೀಪದಲ್ಲಿ 70 ಸಾವಿರಕ್ಕೂ ಹೆಚ್ಚು ಜನ ಇದ್ದರು. ಸತ್ತವರು 7 ಮಂದಿ.

ಬರುವ ಭಾನುವಾರ ಸಂಜೆ ನಾಲ್ಕಕ್ಕೆ ಇಲ್ಲಿಂದ ಗುಡ್ಡದ ತುದಿಯವರೆಗೆ ನಡೆದು ನೋಡೋಣ. ಎಷ್ಟು ನಿಮಿಷ ಬೇಕು ಎಂದು ಬರೆದಿಡೋಣ. ಕೂಸು ಇರುವವರು ಕೂಸನ್ನು ಎತ್ತಿಕೊಂಡೇ ಬನ್ನಿ. ಕೋಲು ಹಿಡಿದು ನಡೆಯುವ ಅಜ್ಜಿಯರನ್ನೂ ಕರೆತನ್ನಿ. ಅವರು ಮೇಲೆ ಮುಟ್ಟಿದ ಮೇಲೆಯೇ ಗಡಿಯಾರ ನೋಡುವುದು.