ತಡೆಯುವವನ ಕೀರ್ತಿ

ಕಾಲ್ಚೆಂಡಿನ ಪಂದ್ಯ ನೋಡಿ ಮನೆಗೆ ಬಂದವರನ್ನು ನಾವು ಕೇಳುವ ಮೊದಲ ಪ್ರಶ್ನೆ, ಗೋಲು ಹೊಡೆದವರು ಯಾರು ಎಂಬುದು. ಗೋಲು ಆಗದಂತೆ ತಡೆದವರು ಯಾರು ಎಂದು ಕೇಳುವವರು ವಿರಳ. ಹೊಡೆದದ್ದು ಕಣ್ಣಿಗೆ ಕಾಣುತ್ತದೆ, ಲೆಕ್ಕಕ್ಕೆ ಸಿಗುತ್ತದೆ, ಮರುದಿನದ ಪತ್ರಿಕೆಯಲ್ಲಿ ಅಚ್ಚಾಗುತ್ತದೆ. ತಡೆದದ್ದಾದರೋ ನಡೆಯದೇ ಹೋದ ಘಟನೆ. ನಡೆಯದೇ ಹೋದುದಕ್ಕೆ ಲೆಕ್ಕ ಇಡುವವರು ಯಾರು? ಹೀಗಾಗಿ ರಕ್ಷಣೆಯ ಸಾಲಿನಲ್ಲಿ ನಿಂತು ಆಡುವವನ ಹೆಸರು ಜನರ ಬಾಯಿಗೆ ಬರುವುದು ಬಹುಮಟ್ಟಿಗೆ ಆತ ಎಡವಿದ ದಿನವೇ. ಇಂಗ್ಲೆಂಡಿನ ಬಿಲ್ಲಿ ರೈಟ್ ಎಂಬ ಆಟಗಾರನ ಜೀವನ ಈ ಮಾತಿಗೆ ಒಂದು ನಿದರ್ಶನ. ಅಷ್ಟೇ ಅಲ್ಲ, ಈ ಮಾತಿಗೆ ಒಂದು ಉತ್ತರವೂ ಹೌದು.

ರೈಟ್ ಹುಟ್ಟಿದ್ದು 1924ರ ಫೆಬ್ರವರಿ 6ರಂದು, ಷ್ರಾಪ್‌ಷೈರ್ ಪ್ರಾಂತದ ಐರನ್‌ಬ್ರಿಜ್ ಎಂಬ ಸಣ್ಣ ಊರಿನಲ್ಲಿ. ಸೆವರ್ನ್ ನದಿಗೆ ಅಡ್ಡಲಾಗಿ 1779ರಲ್ಲಿ ಎರಕದ ಕಬ್ಬಿಣದಿಂದ ಕಟ್ಟಿದ ಸೇತುವೆಯಿಂದಲೇ ಆ ಊರಿಗೆ ಆ ಹೆಸರು. ಹದಿನಾಲ್ಕನೆಯ ವಯಸ್ಸಿನಲ್ಲಿ, 1938ರಲ್ಲಿ, ಆತ ವುಲ್ವರ್‌ಹ್ಯಾಂಪ್ಟನ್ ವಾಂಡರರ್ಸ್ ಸಂಘವನ್ನು ಸೇರಿದ. ಸೇರಿದ್ದು ಆಟಗಾರನಾಗಿ ಅಲ್ಲ, ಮೈದಾನದ ಚಿಲ್ಲರೆ ಕೆಲಸಗಳನ್ನು ಮಾಡುವ ಹುಡುಗನಾಗಿ. ಸಂಘದ ವ್ಯವಸ್ಥಾಪಕ ಮೇಜರ್ ಫ್ರಾಂಕ್ ಬಕ್ಲಿ ಬಹಳ ಶಿಸ್ತಿನ ಮನುಷ್ಯ. ಈ ಹುಡುಗ ತೀರ ಕುಳ್ಳ, ಆಟಕ್ಕೆ ಒದಗಲಾರ ಎಂದು ಆತ ರೈಟನನ್ನು ಮನೆಗೆ ಕಳುಹಿಸಲು ನಿಶ್ಚಯಿಸಿದ್ದ. ಆಮೇಲೆ ಮನಸ್ಸು ಬದಲಾಯಿಸಿದ. ಆ ಒಂದು ಮನಸ್ಸಿನ ಬದಲಾವಣೆಯಿಂದ ಇಂಗ್ಲೆಂಡಿನ ಆಟದ ಚರಿತ್ರೆಯಲ್ಲಿ ಹದಿಮೂರು ವರ್ಷಗಳ ಒಂದು ಅಧ್ಯಾಯ ಉಳಿಯಿತು.

ಅಷ್ಟರಲ್ಲಿ ಯುದ್ಧ ಬಂತು. ರೈಟ್ ಸೈನ್ಯದಲ್ಲಿ ದೇಹಶಿಕ್ಷಣದ ಬೋಧಕನಾದ. ಯುದ್ಧಕಾಲದ ಪಂದ್ಯವೊಂದರಲ್ಲಿ ಕಾಲಿನ ಗಿಣ್ಣು ಮುರಿಯಿತು. ಇನ್ನು ಆಟ ಮುಗಿಯಿತೆಂಬ ಭಯವೂ ಬಂದಿರಬೇಕು. ಆದರೆ ಶಾಂತಿ ಮರಳಿದ ಮೇಲೆ, 1946ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡು ಬೆಲ್‌ಫಾಸ್ಟಿನಲ್ಲಿ ಆಡಿದ ಯುದ್ಧಾನಂತರದ ಪ್ರಥಮ ಪೂರ್ಣ ಅಂತರರಾಷ್ಟ್ರೀಯ ಪಂದ್ಯದಲ್ಲಿ ಆತ ಇದ್ದ. ಅಲ್ಲಿಂದ 1959ರವರೆಗೆ ಇಂಗ್ಲೆಂಡು ಆಡಿದ ನೂರೆಂಟು ಪಂದ್ಯಗಳಲ್ಲಿ ನೂರೈದರಲ್ಲಿ ಆಡಿದ. ತಪ್ಪಿಸಿಕೊಂಡದ್ದು ಮೂರೇ ಮೂರು. ಅವುಗಳಲ್ಲಿ ತೊಂಬತ್ತರಲ್ಲಿ ಆತನೇ ನಾಯಕ. 1950, 1954, 1958ರ ಮೂರು ವಿಶ್ವಕಪ್ಪುಗಳಲ್ಲಿಯೂ ಇಂಗ್ಲೆಂಡಿನ ಮುಂದಾಳು ಆತನೇ. ಇಷ್ಟು ದೀರ್ಘಕಾಲ ಎದುರಾಳಿಯ ಕಾಲಿನಿಂದ ಚೆಂಡನ್ನು ಕಸಿಯುವ ಕೆಲಸ ಮಾಡಿಯೂ, ಆತ ಮೈದಾನದಿಂದ ಹೊರಹಾಕಿಸಿಕೊಂಡದ್ದಿರಲಿ, ತೀರ್ಪುಗಾರನಿಂದ ಒಂದು ಎಚ್ಚರಿಕೆಯನ್ನೂ ಪಡೆದವನಲ್ಲ.

ಅಂಕಿಗಳನ್ನು ಇಷ್ಟಕ್ಕೆ ನಿಲ್ಲಿಸಿ, 1953ರ ನವೆಂಬರ್ 25ರ ಮಧ್ಯಾಹ್ನಕ್ಕೆ ಬರೋಣ. ಅಂದು ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ಇಂಗ್ಲೆಂಡಿಗೂ ಹಂಗೆರಿಗೂ ಪಂದ್ಯ. ನೆರೆದ ಪ್ರೇಕ್ಷಕರು ಒಂದು ಲಕ್ಷಕ್ಕೂ ಹೆಚ್ಚು. ಯೂರೋಪು ಖಂಡದ ಯಾವ ತಂಡವೂ ಅದುವರೆಗೆ ಇಂಗ್ಲೆಂಡನ್ನು ಇಂಗ್ಲೆಂಡಿನ ನೆಲದಲ್ಲಿ ಸೋಲಿಸಿರಲಿಲ್ಲ. ಈ ಆಟವನ್ನು ಲೋಕಕ್ಕೆ ಕಲಿಸಿದವರು ನಾವು ಎಂಬ ಅಭಿಮಾನ ಆ ಜನರಲ್ಲಿ ಬೇರೂರಿತ್ತು. ರೈಟನೂ ಇದಕ್ಕೆ ಹೊರತಲ್ಲ. ಹಂಗೆರಿಯವರು ತೊಟ್ಟಿದ್ದ ಹಗುರವಾದ, ತಗ್ಗು ಅಂಚಿನ ಬೂಟುಗಳನ್ನು ಕಂಡು, ಸರಿಯಾದ ಸಾಮಗ್ರಿಯೂ ಇಲ್ಲದ ಇವರಿಂದ ನಮಗೇನೂ ತೊಂದರೆಯಿಲ್ಲ ಎಂಬರ್ಥದ ಮಾತನ್ನು ಆತ ಪಕ್ಕದಲ್ಲಿದ್ದ ಸ್ಟಾನ್ ಮಾರ್ಟೆನ್‌ಸನ್ನನಿಗೆ ಹೇಳಿದನಂತೆ. ಇದನ್ನು ಮುಂದೆ ಲೋಕಕ್ಕೆ ತಿಳಿಸಿದವನು ಸ್ವತಃ ರೈಟನೇ.

ಆಟ ತೊಡಗಿ ಒಂದು ನಿಮಿಷ ತುಂಬುವ ಮೊದಲೇ ಹಂಗೆರಿ ಗೋಲು ಹೊಡೆಯಿತು. ಆಮೇಲೆ ನಡೆದದ್ದನ್ನು ಅರಿಯಬೇಕಾದರೆ ಅಂದಿನ ಇಂಗ್ಲೆಂಡಿನ ಆಟದ ರೀತಿಯನ್ನು ಸ್ವಲ್ಪ ತಿಳಿಯಬೇಕು. ಅಲ್ಲಿ ಪ್ರತಿಯೊಬ್ಬನ ಬೆನ್ನಿನ ಸಂಖ್ಯೆಗೂ ಒಂದು ಸ್ಥಾನವಿತ್ತು. ಪ್ರತಿಯೊಬ್ಬನಿಗೂ ಕಾಯಬೇಕಾದ ಒಬ್ಬ ಎದುರಾಳಿಯಿದ್ದ. ಒಂಬತ್ತನೆಯ ಸಂಖ್ಯೆಯ ಮುಂದಾಳನ್ನು ಕಾಯುವವನು ಐದನೆಯ ಸಂಖ್ಯೆಯವನು. ಹಂಗೆರಿಯ ಒಂಬತ್ತನೆಯವನಾದ ಹಿಡೆಗ್‌ಕುಟಿ ಮುಂದೆ ನಿಲ್ಲದೆ ಹಿಂದೆ ಸರಿದು ಆಡತೊಡಗಿದ. ಅವನ ಬೆನ್ನು ಹತ್ತಿ ಹೋದರೆ ಗೋಲಿನ ಮುಂದೆ ಬಯಲು. ಹೋಗದಿದ್ದರೆ ಅವನು ಅಂಕೆಯಿಲ್ಲದ ಸ್ವತಂತ್ರ. ಐದನೆಯ ಸಂಖ್ಯೆಯ ಹ್ಯಾರಿ ಜಾನ್‌ಸ್ಟನ್ ಈ ಇಕ್ಕಟ್ಟಿನಲ್ಲಿ ಸಿಕ್ಕಿಬಿದ್ದ. ಹಿಡೆಗ್‌ಕುಟಿ ಅಂದು ಮೂರು ಗೋಲು ಹೊಡೆದ.

ಆದರೆ ಜನ ಇಂದಿಗೂ ನೆನೆಯುವುದು ಹಂಗೆರಿಯ ಮೂರನೆಯ ಗೋಲನ್ನು. ಅವರ ನಾಯಕ ಪುಷ್ಕಾಷ್‌ಗೆ ಗೋಲಿನ ಬಲಮಗ್ಗುಲಲ್ಲಿ ಚೆಂಡು ಸಿಕ್ಕಿತು. ರೈಟ್ ಧಾವಿಸಿ ಬಂದು, ಚೆಂಡಿದ್ದ ಜಾಗಕ್ಕೆ ಮೈಚೆಲ್ಲಿ ಜಾರಿದ. ಪುಷ್ಕಾಷ್ ಎಡಗಾಲಿನ ಅಂಗಾಲಿನಿಂದ ಚೆಂಡನ್ನು ತನ್ನ ಕಡೆಗೆ ಎಳೆದುಕೊಂಡ. ರೈಟ್ ಬರಿಯ ಬಯಲಿನ ಮೇಲೆ ಜಾರಿ ಆಚೆಗೆ ಹೋದ. ಮರುಕ್ಷಣ ಚೆಂಡು ಬಲೆಯೊಳಗಿತ್ತು. ಬೆಂಕಿ ಒಂದು ಕಡೆ ಬಿದ್ದಿದ್ದರೆ ಇನ್ನೊಂದು ಕಡೆಗೆ ಓಡಿದ ಅಗ್ನಿಶಾಮಕ ವಾಹನಕ್ಕೆ ರೈಟನನ್ನು ಹೋಲಿಸಿ ಲಂಡನ್ನಿನ ಟೈಮ್ಸ್ ಪತ್ರಿಕೆಯ ಬಾತ್ಮೀದಾರ ಬರೆದ. ಉಪಮೆ ಚೆನ್ನಾಗಿತ್ತು, ಚೆನ್ನಾಗಿದ್ದುದರಿಂದಲೇ ಅದು ರೈಟನ ಹೆಸರಿಗೆ ಅಂಟಿಕೊಂಡಿತು. ಇಂಗ್ಲೆಂಡು 6-3ರಿಂದ ಸೋತಿತು. ಆರು ತಿಂಗಳ ತರುವಾಯ, 1954ರ ಮೇ ತಿಂಗಳಲ್ಲಿ ಬುಡಾಪೆಸ್ಟಿನಲ್ಲಿ ಮತ್ತೆ ಎದುರಾದಾಗ 7-1ರಿಂದ ಸೋತಿತು.

ನಾನು ಇಲ್ಲಿ ಕೇಳಬಯಸುವ ಪ್ರಶ್ನೆ ಇಷ್ಟೇ: ಒಬ್ಬ ಮನುಷ್ಯನ ನೂರೈದು ಪಂದ್ಯಗಳನ್ನು ಒಂದು ಕ್ಷಣದ ಚಿತ್ರ ನುಂಗಿಹಾಕಬಹುದೆ? ಆ ದೃಶ್ಯ ಚಲಚ್ಚಿತ್ರದಲ್ಲಿ ಉಳಿದಿದೆ. ಎಷ್ಟು ಸಲ ತೋರಿಸಿದರೂ ರೈಟ್ ಅಷ್ಟು ಸಲವೂ ಜಾರುತ್ತಾನೆ. ಆತ ತಡೆದ ಸಾವಿರಾರು ಚೆಂಡುಗಳನ್ನು ಮಾತ್ರ ಯಾರೂ ಹೀಗೆ ಮತ್ತೆಮತ್ತೆ ತೋರಿಸುವುದಿಲ್ಲ.

ರೈಟ್ ಈ ಪ್ರಶ್ನೆಗೆ ಮಾತಿನಲ್ಲಿ ಉತ್ತರ ಹುಡುಕಲಿಲ್ಲ. 1954ರ ಜೂನಿನಲ್ಲಿ ಸ್ವಿಟ್ಜರ್‌ಲೆಂಡಿನಲ್ಲಿ ವಿಶ್ವಕಪ್ ನಡೆಯಿತು. ತಂಡದ ನಡುವಣ ರಕ್ಷಕ ಗಾಯಗೊಂಡ. ಆ ಸ್ಥಾನಕ್ಕೆ ಎತ್ತರದ ಆಳು ಬೇಕೆಂಬುದು ವಾಡಿಕೆ. ರೈಟನ ಎತ್ತರ ಐದು ಅಡಿ ಎಂಟು ಅಂಗುಲ. ವಯಸ್ಸು ಮೂವತ್ತು ದಾಟಿತ್ತು. ಆದರೂ ಆತ ಅಲ್ಲಿ ನಿಂತ, ಅಲ್ಲಿಯೇ ನೆಲೆಯೂರಿದ. ಚೆಂಡು ಎಲ್ಲಿ ಬಂದೀತೆಂದು ಮುಂಗಾಣುವ ಬುದ್ಧಿ ಮತ್ತು ನಿಂತ ನೆಲದಿಂದಲೇ ಮೇಲಕ್ಕೆ ಚಿಮ್ಮುವ ಶಕ್ತಿ, ಇವೆರಡೂ ಆತನ ಕುಳ್ಳುತನವನ್ನು ತುಂಬಿಕೊಟ್ಟವು. ಮೂವತ್ತರಲ್ಲಿ ಹೊಸ ಕೆಲಸ ಕಲಿತ ಆತ ಮುಂದಿನ ಐದು ವರ್ಷ ಇಂಗ್ಲೆಂಡಿನ ರಕ್ಷಣೆಯ ನಡುಗಂಬವಾದ.

ಆ ವರ್ಷದ ಡಿಸೆಂಬರ್ 13ರ ರಾತ್ರಿ ವುಲ್ವರ್‌ಹ್ಯಾಂಪ್ಟನ್ನಿನ ಮೊಲಿನ್ಯೂ ಮೈದಾನದಲ್ಲಿ, ದೀಪಗಳ ಬೆಳಕಿನಲ್ಲಿ, ಬುಡಾಪೆಸ್ಟಿನ ಹೊನ್‌ವೆಡ್ ಸಂಘದೊಡನೆ ಪಂದ್ಯ. ಹೊನ್‌ವೆಡ್ಡಿನಲ್ಲಿ ಪುಷ್ಕಾಷ್ ಇದ್ದ. ವೆಂಬ್ಲಿಯಲ್ಲಿ ಗೆದ್ದವರಲ್ಲಿ ಇನ್ನೂ ಹಲವರಿದ್ದರು. ಮೊದಲ ಕಾಲು ಗಂಟೆಯೊಳಗೆ ಅವರು ಎರಡು ಗೋಲು ಹೊಡೆದರು. ಚರಿತ್ರೆ ಮರುಕಳಿಸಿತೆಂದೇ ಜನ ಬಗೆದಿರಬೇಕು. ಆದರೆ ಕೆಸರಾದ ಆ ನೆಲದಲ್ಲಿ ರೈಟನ ನಾಯಕತ್ವದ ತಂಡ ಮತ್ತೊಂದು ಗೋಲಿಗೆ ಆಸ್ಪದ ಕೊಡದೆ, ತಾನು ಮೂರು ಹೊಡೆದು ಗೆದ್ದಿತು. ತಮ್ಮ ತಂಡವೇ ಲೋಕದಲ್ಲಿ ಶ್ರೇಷ್ಠವೆಂದು ಇಂಗ್ಲಿಷ್ ಪತ್ರಿಕೆಗಳು ಕೊಚ್ಚಿಕೊಂಡವು. ಹಾಗಾದರೆ ಎಲ್ಲ ದೇಶಗಳ ಸಂಘಗಳಿಗೂ ಒಂದು ಸ್ಪರ್ಧೆ ನಡೆಯಲಿ ಎಂದು ಫ್ರಾನ್ಸಿನ ಪತ್ರಕರ್ತ ಗಾಬ್ರಿಯೆಲ್ ಅನೊ ವಾದಿಸಿದ. 1955ರಲ್ಲಿ ಆರಂಭವಾದ ಯೂರೋಪಿಯನ್ ಕಪ್ಪಿಗೆ ಹೀಗೆ ಆ ಕೆಸರಿನ ರಾತ್ರಿಯೂ ಒಂದು ಕಾರಣವಾಯಿತು.

ವುಲ್ವ್ಸ್ ತಂಡ ರೈಟನ ಮುಂದಾಳುತನದಲ್ಲಿ 1949ರ ಎಫ್.ಎ. ಕಪ್ಪನ್ನೂ, 1954, 1958, 1959ರ ಲೀಗ್ ಪ್ರಶಸ್ತಿಗಳನ್ನೂ ಗೆದ್ದಿತು. ಇದೇ ಅವಧಿಯಲ್ಲಿ ದುಃಖಗಳೂ ಉಂಟು. 1958ರ ಫೆಬ್ರವರಿಯಲ್ಲಿ ಮ್ಯೂನಿಕ್ ವಿಮಾನ ದುರಂತದಲ್ಲಿ ರೋಜರ್ ಬರ್ನ್, ಟಾಮಿ ಟೇಲರ್, ಡಂಕನ್ ಎಡ್ವರ್ಡ್ಸ್ ಮಡಿದರು. ಮೂವರೂ ಇಂಗ್ಲೆಂಡಿನ ತಂಡದಲ್ಲಿ ರೈಟನ ಜೊತೆಗಾರರು. ನಾಲ್ಕು ತಿಂಗಳಲ್ಲಿ ಆತ ಉಳಿದವರನ್ನು ಕಟ್ಟಿಕೊಂಡು ಸ್ವೀಡನ್ನಿನ ವಿಶ್ವಕಪ್ಪಿಗೆ ಹೋಗಬೇಕಾಯಿತು.

1959ರ ಏಪ್ರಿಲ್ 11ರಂದು, ಅದೇ ವೆಂಬ್ಲಿಯಲ್ಲಿ, ಸ್ಕಾಟ್ಲೆಂಡಿನ ವಿರುದ್ಧ ಆತ ತನ್ನ ನೂರನೆಯ ಅಂತರರಾಷ್ಟ್ರೀಯ ಪಂದ್ಯವನ್ನಾಡಿದ. ಲೋಕದಲ್ಲಿ ಈ ಸಂಖ್ಯೆಯನ್ನು ಮುಟ್ಟಿದ ಮೊದಲಿಗ ಆತನೇ. ಪಂದ್ಯ ಮುಗಿದಾಗ ಜೊತೆಗಾರರು ಆತನನ್ನು ಹೆಗಲ ಮೇಲೆ ಹೊತ್ತು ನಡೆದರು. ಇಂಗ್ಲೆಂಡಿಗೆ ಎದುರಾಳಿ ಗೋಲು ಸಿಕ್ಕಿರಲಿಲ್ಲ, 1-0ರ ಗೆಲುವು. ಆ ವರ್ಷದ ಮೇ ತಿಂಗಳಲ್ಲಿ ಲಾಸ್ ಏಂಜಲೀಸಿನಲ್ಲಿ ಅಮೆರಿಕದ ವಿರುದ್ಧ ಆತನ ಕಡೆಯ ಪಂದ್ಯ. 1950ರ ವಿಶ್ವಕಪ್ಪಿನಲ್ಲಿ, ಬ್ರೆಜಿಲಿನ ಬೆಲೊ ಹೊರಿಜಾಂಟೆಯಲ್ಲಿ, ಇದೇ ಅಮೆರಿಕ ಇಂಗ್ಲೆಂಡನ್ನು ಒಂದು ಗೋಲಿನಿಂದ ಸೋಲಿಸಿ ಲೋಕವನ್ನು ಬೆರಗುಗೊಳಿಸಿತ್ತು; ಅಂದೂ ನಾಯಕ ರೈಟನೇ. ಈ ಸಲ ಇಂಗ್ಲೆಂಡು 8-1ರಿಂದ ಗೆದ್ದಿತು.

ಆಮೇಲಿನ ಬದುಕು ಎಲ್ಲವೂ ಹೂವಿನ ಹಾದಿಯಲ್ಲ. 1962ರಿಂದ 1966ರವರೆಗೆ ಆರ್ಸೆನಲ್ ಸಂಘದ ವ್ಯವಸ್ಥಾಪಕನಾಗಿದ್ದು, ಒಂದು ಪ್ರಶಸ್ತಿಯನ್ನೂ ತರಲಾರದೆ ಕೆಲಸ ಕಳೆದುಕೊಂಡ. ಬಳಿಕ ದೂರದರ್ಶನದ ಕ್ರೀಡಾ ವಿಭಾಗದಲ್ಲಿ ದುಡಿದ. 1994ರ ಸೆಪ್ಟೆಂಬರ್ 3ರಂದು ತೀರಿಕೊಂಡಾಗ ಆತನ ಚಿತಾಭಸ್ಮವನ್ನು ಮೊಲಿನ್ಯೂ ಮೈದಾನದಲ್ಲಿ ಚೆಲ್ಲಿದರು. ಹದಿನಾಲ್ಕರ ಹುಡುಗನಾಗಿ ಕೂಲಿ ಮಾಡಿದ ನೆಲವೇ ಕೊನೆಗೆ ಆತನನ್ನು ತನ್ನೊಳಗೆ ತೆಗೆದುಕೊಂಡಿತು. ಇಂದು ಆ ಮೈದಾನದ ಹೊರಗೆ ಆತನ ಪ್ರತಿಮೆ ನಿಂತಿದೆ.

ರೈಟನ ಬೂಟುಗಳ ಮಾತು ನನಗೆ ಮತ್ತೆಮತ್ತೆ ನೆನಪಾಗುತ್ತದೆ. ಅದನ್ನು ಆತ ಹೇಳದೇ ಇದ್ದಿದ್ದರೆ ಹೆಚ್ಚು ಜನಕ್ಕೆ ತಿಳಿಯುತ್ತಿರಲಿಲ್ಲ. ಗೋಲನ್ನು ಹದಿಮೂರು ವರ್ಷ ಕಾಪಾಡಿದ ಮನುಷ್ಯ ತನ್ನ ಅಭಿಮಾನವನ್ನು ಮಾತ್ರ ಕಾಪಾಡಿಕೊಳ್ಳಲು ಹೋಗಲಿಲ್ಲ. ಸೋತೆನೆಂದು ಒಪ್ಪಿಕೊಂಡ, ಸೋಲಿಸಿದವನನ್ನು ಮೆಚ್ಚಿದ, ಮರುವಾರ ಮತ್ತೆ ತನ್ನ ಸ್ಥಾನದಲ್ಲಿ ಬಂದು ನಿಂತ. ತಡೆಯುವವನ ಕೀರ್ತಿ ಇರುವುದು ಆ ಬಂದು ನಿಲ್ಲುವುದರಲ್ಲಿ. ಅದನ್ನು ಯಾವ ಚಲಚ್ಚಿತ್ರವೂ ಒಂದು ಕ್ಷಣದಲ್ಲಿ ಹಿಡಿದು ತೋರಿಸಲಾರದು; ನೂರೈದು ಸಲ ಎಣಿಸಿಯೇ ತಿಳಿಯಬೇಕು.